ಅಮೆರಿಕದ ರಜಾ ಪಟ್ಟಿ 2026: ಸೋಮವಾರದ ನಿಯಮ, ಶನಿವಾರ ಬಂದ ಜುಲೈ 4, ಥ್ಯಾಂಕ್ಸ್‌ಗಿವಿಂಗ್ ವಾರದ ಪಗಾರ

ವಿದ್ಯಾನಗರ_ಹುಬ್ಬಳ್ಳಿ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ಅಮೆರಿಕದ ಸಣ್ಣ ಕಂಪನಿಗಳ ಲೆಕ್ಕ, ಪಗಾರದ ಕೆಲಸ ನೋಡ್ಕೊಳ್ಳೋ ಹುಬ್ಬಳ್ಳಿ ಆಫೀಸಿಗೆ 2026ರ ರಜಾ ಪಟ್ಟಿ ತಯಾರ್ ಮಾಡಬೇಕಾಗೇತಿ. ಕೆಲವು ರಜಾ ಪ್ರತಿ ವರ್ಷ ಸೋಮವಾರನ ಬರ್ತಾವು, ಕೆಲವು ತಾರೀಖಿನ ಪ್ರಕಾರ. ಇದಕ್ಕ ನಿಯಮ ಏನು? ಜುಲೈ 4 ಈ ಸಲ ಶನಿವಾರ ಬಂದೈತಿ, ಹಿಂದಿನ ಶುಕ್ರವಾರ ಅಲ್ಲಿ ಬ್ಯಾಂಕ್ ಇರ್ತಾವೋ ಇಲ್ಲೋ? ಥ್ಯಾಂಕ್ಸ್‌ಗಿವಿಂಗ್ ವಾರ ಶುಕ್ರವಾರ ಪಗಾರ ಜಮಾ ಆಗಬೇಕಂದ್ರ ಫೈಲ್ ಯಾವತ್ತು ಕಳಸಬೇಕು? ಹಬ್ಬಗಳ ಹಿನ್ನೆಲೆ ಗೊತ್ತಿದ್ದವರು ಅದನ್ನೂ ಬರೀರಿ. ಗಿರಾಕಿಗಳಿಗೆ ಶುಭಾಶಯದ ಮೇಲ್ ಹೋಗ್ತಾವು, ಯಾವ ದಿನ ಏನು ಬರೀಬೇಕು ಅನ್ನೋದು ಹುಡುಗರಿಗೆ ತಿಳೀಬೇಕು.

ಸಾಧನಕೇರಿ_ಧಾರವಾಡ:

ಒಟ್ಟು 11 ಫೆಡರಲ್ (ಕೇಂದ್ರ ಸರ್ಕಾರದ) ರಜೆಗಳು. ಐದು ತಾರೀಖಿಗೆ ಕಟ್ಟಿದವು: ಜನವರಿ 1, ಜೂನ್ 19 (ಗುಲಾಮರ ಬಿಡುಗಡೆಯ ನೆನಪು), ಜುಲೈ 4 (ಸ್ವಾತಂತ್ರ್ಯ ದಿನ), ನವೆಂಬರ್ 11 (ವೆಟರನ್ಸ್ ಡೇ), ಡಿಸೆಂಬರ್ 25. ಐದು ಸೋಮವಾರಕ್ಕೆ ಕಟ್ಟಿದವು: ಮಾರ್ಟಿನ್ ಲೂಥರ್ ಕಿಂಗ್ ದಿನ (2026ರಲ್ಲಿ ಜನವರಿ 19), ವಾಷಿಂಗ್ಟನ್ ಜನ್ಮದಿನ (ಫೆಬ್ರುವರಿ 16), ಮೆಮೋರಿಯಲ್ ಡೇ (ಮೇ 25), ಲೇಬರ್ ಡೇ (ಸೆಪ್ಟೆಂಬರ್ 7), ಕೊಲಂಬಸ್ ಡೇ (ಅಕ್ಟೋಬರ್ 12). ಉಳಿದ ಒಂದು ಥ್ಯಾಂಕ್ಸ್‌ಗಿವಿಂಗ್ (ಸುಗ್ಗಿಯ ಕೃತಜ್ಞತೆಯ ಹಬ್ಬ), ನವೆಂಬರಿನ ನಾಲ್ಕನೇ ಗುರುವಾರ, ಈ ಸಲ 26.

ಸೋಮವಾರದ ಪದ್ಧತಿ ಬಂದದ್ದು 1968ರ ಕಾಯ್ದೆಯಿಂದ. 1971ರ ಜನವರಿಯಿಂದ ಜಾರಿಗೆ ಬಂತು. ವಾರದ ನಡುವೆ ಕೆಲಸ ಕಡಿಯಬಾರದು, ನೌಕರರಿಗೆ ಸಾಲಾಗಿ ಮೂರು ದಿನ ಬಿಡುವು ಸಿಗಬೇಕು ಅನ್ನುವುದು ಉದ್ದೇಶ. ಇದರಿಂದ ಒಂದು ವಿಚಿತ್ರವೂ ಆಯಿತು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಫೆಬ್ರುವರಿ 22ರಂದು. ಆದರೆ ರಜೆ ಇಟ್ಟಿರುವ ಫೆಬ್ರುವರಿಯ ಮೂರನೇ ಸೋಮವಾರ 15ರಿಂದ 21ರೊಳಗೇ ಬೀಳುತ್ತದೆ, 22ಕ್ಕೆ ಎಂದೂ ಬರುವುದಿಲ್ಲ. ಕ್ಯಾಲೆಂಡರುಗಳಲ್ಲಿ ಪ್ರೆಸಿಡೆಂಟ್ಸ್ ಡೇ ಅಂತ ಕಂಡರೆ ಅದೂ ಇದೇ ರಜೆ, ಎರಡು ಸಲ ಬರೆದುಕೊಳ್ಳಬೇಡಿ.

ನವೆಂಬರ್ 11ರ ವೆಟರನ್ಸ್ ಡೇಯನ್ನೂ ಅದೇ ಕಾಯ್ದೆ ಅಕ್ಟೋಬರಿನ ನಾಲ್ಕನೇ ಸೋಮವಾರಕ್ಕೆ ತಳ್ಳಿತ್ತು. ಜನ ಒಪ್ಪಲಿಲ್ಲ. ಮೊದಲ ಮಹಾಯುದ್ಧದ ಗುಂಡಿನ ಸದ್ದು ನಿಂತದ್ದು 1918ರ ನವೆಂಬರ್ 11ರ ಬೆಳಿಗ್ಗೆ 11ಕ್ಕೆ; ಆ ತಾರೀಖನ್ನು ಸರಿಸಿದರೆ ಆಚರಣೆಗೆ ಅರ್ಥವೇ ಉಳಿಯದು. ಹೆಚ್ಚಿನ ರಾಜ್ಯಗಳು ಹಳೇ ತಾರೀಖನ್ನೇ ಹಿಡಿದುಕೊಂಡವು, 1978ರಿಂದ ಫೆಡರಲ್ ರಜೆಯೂ 11ಕ್ಕೇ ಮರಳಿತು.

ಇನ್ನು ಮೇಲ್ ವಿಚಾರ. ಮೆಮೋರಿಯಲ್ ಡೇಗೆ 'ಹ್ಯಾಪಿ' ಅಂತ ಬರೆಯಲೇಬೇಡಿ. ಅದು ಯುದ್ಧದಲ್ಲಿ ಸತ್ತ ಸೈನಿಕರ ದಿನ. ಅಂತರ್ಯುದ್ಧ ಮುಗಿದ ಮೇಲೆ, 1868ರ ಮೇ 30ರಂದು ಸೈನಿಕರ ಗೋರಿಗಳಿಗೆ ಹೂವು ಏರಿಸಲು ಜನರಲ್ ಜಾನ್ ಲೋಗನ್ ಕರೆ ಕೊಟ್ಟಲ್ಲಿಂದ ಅದು ದೇಶವ್ಯಾಪಿಯಾಯಿತು. ಈಗಲೂ ಅಂದು ಬೆಳಿಗ್ಗೆ ಧ್ವಜವನ್ನು ಮೊದಲು ತುದಿತನಕ ಏರಿಸಿ, ಆಮೇಲೆ ಅರ್ಧಕ್ಕೆ ಇಳಿಸಿ, ಮಧ್ಯಾಹ್ನ 12ಕ್ಕೆ ಮತ್ತೆ ತುದಿಗೆ ಏರಿಸುತ್ತಾರೆ. 'ನೆನಪಿನ ದಿನಕ್ಕೆ ಗೌರವಪೂರ್ವಕ' ಅನ್ನುವ ಧಾಟಿಯಲ್ಲಿ ಒಂದು ಸಾಲು ಸಾಕು. ವೆಟರನ್ಸ್ ಡೇ ಬೇರೆ, ಅದು ಬದುಕಿರುವ ಮಾಜಿ ಸೈನಿಕರಿಗೂ ಸಲ್ಲುತ್ತದೆ, ಅಲ್ಲಿ ಧನ್ಯವಾದ ಹೇಳಬಹುದು.

ಜೂನ್ 19ಕ್ಕೂ ಮಾರಾಟದ ಜಾಹೀರಾತು ಸೇರಿಸಬೇಡಿ. ಗುಲಾಮರ ಬಿಡುಗಡೆಯ ಘೋಷಣೆ 1863ರ ಜನವರಿ 1ರಂದೇ ಆಗಿದ್ದರೂ, ಟೆಕ್ಸಾಸಿನ ಗ್ಯಾಲ್ವೆಸ್ಟನ್‌ನಲ್ಲಿ ಜನರಲ್ ಗ್ರೇಂಜರ್ ಅದನ್ನು ಜಾರಿಗೊಳಿಸುವ ಆದೇಶ ಹೊರಡಿಸಿದ್ದು 1865ರ ಜೂನ್ 19ರಂದು, ಎರಡೂವರೆ ವರ್ಷ ತಡವಾಗಿ. ಫೆಡರಲ್ ರಜೆ ಆದದ್ದು 2021ರಲ್ಲಿ, ಆದ್ದರಿಂದ ಹಳೇ ಎಕ್ಸೆಲ್ ಪಟ್ಟಿಗಳಲ್ಲಿ ಇದು ಇರುವುದೇ ಇಲ್ಲ.

ಲೇಬರ್ ಡೇ ಬಗ್ಗೆಯೂ ಒಂದು ಮಾತು. ನಮ್ಮ ರೈಲ್ವೆ ವರ್ಕ್‌ಶಾಪಿನ ಊರಲ್ಲಿ ಕಾರ್ಮಿಕರ ದಿನ ಅಂದರೆ ಮೇ 1. ಆ ದಿನದ ಮೂಲ ಅಮೆರಿಕವೇ, 1886ರಲ್ಲಿ ಎಂಟು ತಾಸಿನ ದುಡಿಮೆಗಾಗಿ ನಡೆದ ಮುಷ್ಕರ. ಆದರೂ ಅಲ್ಲಿ ಮೇ 1 ರಜೆ ಅಲ್ಲ. ನ್ಯೂಯಾರ್ಕಿನ ಕಾರ್ಮಿಕರು 1882ರಲ್ಲಿ ಸೆಪ್ಟೆಂಬರಿನಲ್ಲಿ ಮೆರವಣಿಗೆ ನಡೆಸಿದ್ದರು, 1894ರಲ್ಲಿ ಸರ್ಕಾರ ಆ ತಿಂಗಳನ್ನೇ ಹಿಡಿಯಿತು.

ಕೇಶ್ವಾಪುರ_ಪೇಮೆಂಟ್ಸ್:

ಜುಲೈ 4ರ ಪ್ರಶ್ನಾಕ್ಕ ಉತ್ತರ: 3ನೇ ತಾರೀಖು ಶುಕ್ರವಾರ ಫೆಡರಲ್ ಆಫೀಸು ಬಂದ್, ನ್ಯೂಯಾರ್ಕ್ ಷೇರುಪೇಟೆ ಬಂದ್, ಆದರ ಬ್ಯಾಂಕುಗಳ ನಡುವಿನ ಪಾವತಿ ನಡೆಸೋ ಅಲ್ಲಿಯ ಕೇಂದ್ರ ಬ್ಯಾಂಕು, ಫೆಡರಲ್ ರಿಸರ್ವ್, ಚಾಲೂ. ಎರಡು ನಿಯಮ ಬ್ಯಾರೆ ಬ್ಯಾರೆ ಅದಾವ್ರಿ, ಎಲ್ಲಾರೂ ಎಡವೋದು ಇಲ್ಲೇ. ಸರ್ಕಾರಿ ನೌಕರರಿಗೆ ಶನಿವಾರದ ರಜಾ ಶುಕ್ರವಾರಕ್ಕ, ಭಾನುವಾರದ್ದು ಸೋಮವಾರಕ್ಕ ಸಿಗತೈತಿ. ಫೆಡರಲ್ ರಿಸರ್ವ್ ಭಾನುವಾರದ್ದಷ್ಟ ಸೋಮವಾರಕ್ಕ ಕೊಡತೈತಿ, ಶನಿವಾರದ್ದನ್ನ ಹಿಂದಕ್ಕ ತರೂದಿಲ್ಲ. ಹಂಗಾಗಿ ಜುಲೈ 3ಕ್ಕ ಪಗಾರ ಜಮಾ ಆಗತೈತಿ. ಆದ್ರ ಮಂಜೂರಿ ಕೊಡೋ ಗಿರಾಕಿ ಅವತ್ತು ಊರಾಗ ಇರೂದಿಲ್ಲ. ಶುಕ್ರವಾರ ಹೋಗಬೇಕಾದ ಬಿಲ್ಲುಗಳಿಗೆ ಬುಧವಾರ, ಅಂದ್ರ ಜುಲೈ 1ಕ್ಕನ ಒಪ್ಪಿಗಿ ತಗೊಂಡು ಬಿಡ್ರಿ. 2027ರ ಪಟ್ಟಿನೂ ಮಾಡೋರಿದ್ರ: ಜೂನ್ 19, ಡಿಸೆಂಬರ್ 25 ಎರಡೂ ಶನಿವಾರ, ಫೆಡರಲ್ ರಿಸರ್ವಿಗೆ ಶುಕ್ರವಾರ ರಜಾ ಇಲ್ಲ. ಜುಲೈ 4 ಭಾನುವಾರ, 5ಕ್ಕ ರಜಾ.

ಥ್ಯಾಂಕ್ಸ್‌ಗಿವಿಂಗ್ ಲೆಕ್ಕವನ್ನ ಪಗಾರದ ದಿನದಿಂದ ಹಿಂದಕ್ಕ ಎಣಸಬೇಕು, ಬ್ಯಾಂಕಿನ ದಿನ ಅಷ್ಟ ಹಿಡೀಬೇಕು. ನಿಮ್ಮ ಸಾಫ್ಟ್‌ವೇರ್ ಪಗಾರಕ್ಕ ಎರಡು ಬ್ಯಾಂಕ್ ದಿನ ಮೊದಲ ಫೈಲ್ ಕೇಳೋದಾದ್ರ, ನವೆಂಬರ್ 27ರ ಶುಕ್ರವಾರಕ್ಕ ರಜಾ ಇರೋ ಗುರುವಾರ ಬಿಟ್ಟು 25 ಬುಧವಾರ ಒಂದು, 24 ಮಂಗಳವಾರ ಎರಡು. ನಾಲ್ಕು ದಿನದ್ದಾದ್ರ ಹಿಂದಿನ ವಾರದ ಶುಕ್ರವಾರ, 20ಕ್ಕ ಹೋಗಿ ನಿಲ್ಲತೈತಿ. ನ್ಯೂಯಾರ್ಕಿನ ಗಡಿಯಾರದಾಗ ಮಂಗಳವಾರ ಸಂಜೆ 5 ಕೊನೇ ವೇಳೆ ಅಂದ್ರ ನಮಗ ಬುಧವಾರ ನಸುಕಿನ 3:30. ರಾತ್ರಿ ಪಾಳಿ ಇಲ್ಲದ ಆಫೀಸಿನವರು ಮಂಗಳವಾರ ಸಂಜೀಗೇ ಮುಗಿಸಿ ಇಡಬೇಕು. ತಡ ಆದ್ರ ಪಗಾರ ಸೋಮವಾರ 30ಕ್ಕ ಹೋಗತೈತಿ, ಹಬ್ಬದ ಖರ್ಚಿನ ವಾರ ನೌಕರರ ಕೈಯಾಗ ದುಡ್ಡಿಲ್ಲ.

ಬುಧವಾರ ಮಧ್ಯಾಹ್ನದ ಮ್ಯಾಲ ಯಾರೂ ಫೋನ್ ಎತ್ತೂದಿಲ್ಲ ಅನ್ನೋದನ್ನೂ ಲೆಕ್ಕಕ್ಕ ಹಿಡೀರಿ. ಪ್ರಯಾಣ ಒಂದು, ಅಡಿಗಿ ಇನ್ನೊಂದು. ಹಬ್ಬದ ಊಟದ ಹೆಪ್ಪುಗಟ್ಟಿದ ಟರ್ಕಿ ಕೋಳಿ ಫ್ರಿಜ್ಜಿನಾಗ ಕರಗಲಿಕ್ಕೆ ಸುಮಾರು 2 ಕಿಲೋಕ್ಕ ಒಂದು ದಿನ ಬೇಕು, 7 ಕಿಲೋದ್ದಕ್ಕ ಮೂರೂವರೆ ದಿನ. ಭಾನುವಾರನ ಫ್ರೀಜರಿನಿಂದ ಫ್ರಿಜ್ಜಿಗೆ ಇಳಸಲಿಲ್ಲಂದ್ರ ಗುರುವಾರ ಒಳಗ ಬರ್ಫ್ ಉಳೀತೈತಿ, ಮ್ಯಾಲ ಕೆಂಪಾದ್ರೂ ನಡುವ ಬೇಯಬೇಕಾದ 74 ಡಿಗ್ರಿ ಮುಟ್ಟೂದಿಲ್ಲ. ಆ ವಾರ ಪೂರ್ತಿ ಗಿರಾಕಿಗಳ ಮನಸ್ಸು ಮನಿ ಕಡೆ ಎಳೀತೈತಿ.

ಬ್ಯಾಡಗಿ_ಕಾಯಿ:

ಮೆಣಸಿನಕಾಯಿ, ಒಲಿಯೋರೆಸಿನ್ (ಕಾಯಿಂದ ತೆಗೆದ ಸತ್ವ) ರಫ್ತಿನವರಿಗೆ ಕಾಡೂದು ದೊಡ್ಡ ಹಬ್ಬ ಅಲ್ಲ, ಕೊಲಂಬಸ್ ಡೇ ಮತ್ತ ವೆಟರನ್ಸ್ ಡೇ. ಖರೀದಿದಾರನ ಆಫೀಸು ತೆರೆದಿರತೈತಿ, ಷೇರುಪೇಟೆ ನಡೀತೈತಿ, ಮೇಲಿಗೆ ಉತ್ತರನೂ ಬರತೈತಿ. ಬ್ಯಾಂಕ್ ಮಾತ್ರ ಬಂದ್, ಡಾಲರ್ ವೈರ್ (ಬ್ಯಾಂಕಿನಿಂದ ಬ್ಯಾಂಕಿಗೆ ಕಳಸೋ ಹಣ) ಹೊರಡೂದಿಲ್ಲ. 'ಇವತ್ತ ಕಳಸೇವಿ' ಅಂತ ಅವರು ಬರೆದ್ರೂ ಇಲ್ಲಿ ಜಮಾ ಕಾಣೂದಿಲ್ಲ, ಮಾಲು ತಡದು ಜಗಳ ಸುರು ಆಗತೈತಿ. ಅಕ್ಟೋಬರ್ 12ಕ್ಕ, ನವೆಂಬರ್ 11ಕ್ಕ ಪಾವತಿ ಗಡುವು ಇಡಬ್ಯಾಡ್ರಿ. 2026ರಾಗ ದೀಪಾವಳಿನೂ ಆ ನವೆಂಬರ್ 11ಕ್ಕಿಂತ ಸ್ವಲ್ಪ ಮೊದಲ ಬಂದೈತಿ, ಇಲ್ಲಿ ನಮ್ಮ ಬ್ಯಾಂಕಿನ ರಜಾ, ಅಲ್ಲಿ ಅವರದ್ದು.

ಗುಡ್ ಫ್ರೈಡೇ ಇದಕ್ಕ ಉಲ್ಟಾ. ಏಪ್ರಿಲ್ 3ಕ್ಕ ನಮ್ಮ ಬ್ಯಾಂಕ್ ಬಂದ್, ಅಲ್ಲಿ ಷೇರುಪೇಟೆನೂ ಬಂದ್, ಆದ್ರ ಅದು ಫೆಡರಲ್ ರಜಾ ಅಲ್ಲ, ಅಲ್ಲಿಯ ಬ್ಯಾಂಕ್ ಚಾಲೂ.

ಗಡಿಯಾರದ ಮಾತೂ ಪಟ್ಟಿಯೊಳಗ ಸೇರಸ್ರಿ. ಮಾರ್ಚ್ 8ರಿಂದ ನ್ಯೂಯಾರ್ಕಿಗೂ ನಮಗೂ ಒಂಬತ್ತೂವರೆ ತಾಸು. ನವೆಂಬರ್ 1ಕ್ಕ, ನಮ್ಮ ರಾಜ್ಯೋತ್ಸವದ ದಿನನ, ಮತ್ತ ಹತ್ತೂವರೆ.

ವಿದ್ಯಾನಗರ_ಹುಬ್ಬಳ್ಳಿ:

ಭಾಳ ಉಪಕಾರ ಆತ್ರಿ. ಇನ್ನೊಂದು: ಏಪ್ರಿಲ್ 15ರ ತೆರಿಗೆ ಗಡುವು ಕೆಲವು ವರ್ಷ 18ಕ್ಕ ಹೋಗಿದ್ದು ಹಳೇ ಫೈಲಿನಾಗ ಕಂಡೈತಿ. 11ರ ಪಟ್ಟಿಯೊಳಗ ಏಪ್ರಿಲ್ ರಜಾನ ಇಲ್ಲಲ್ಲ?

ಸಾಧನಕೇರಿ_ಧಾರವಾಡ:

ಅದು ರಾಜಧಾನಿ ವಾಷಿಂಗ್ಟನ್ ನಗರದ್ದೇ ರಜೆ. 1862ರ ಏಪ್ರಿಲ್ 16ರಂದು ಲಿಂಕನ್ ಸಹಿಯಿಂದ ಆ ನಗರದ ಗುಲಾಮರು ಬಿಡುಗಡೆಯಾದರು. ಏಪ್ರಿಲ್ 16 ಅಲ್ಲಿ ವಿಮೋಚನಾ ದಿನ. ತೆರಿಗೆ ಗಡುವಿಗೆ ಆ ನಗರದ ರಜೆಗಳನ್ನೂ ಲೆಕ್ಕ ಹಿಡಿಯಬೇಕೆಂದು ಕಾನೂನಿದೆ. 2022ರಲ್ಲಿ 16 ಶನಿವಾರ ಬಂದು ರಜೆ ಶುಕ್ರವಾರ 15ಕ್ಕೆ ಸರಿಯಿತು, ಗಡುವು ಸೋಮವಾರ 18 ಆಯಿತು. 2023ರಲ್ಲಿ 15 ಶನಿವಾರ, 16 ಭಾನುವಾರ, ರಜೆ 17ರ ಸೋಮವಾರ. ಹಾಗಾಗಿ ಮತ್ತೆ 18. ಮೇನ್, ಮ್ಯಾಸಚೂಸೆಟ್ಸ್ ರಾಜ್ಯಗಳ ಗಿರಾಕಿಗಳಿದ್ದರೆ ಏಪ್ರಿಲಿನ ಮೂರನೇ ಸೋಮವಾರದ ಪೇಟ್ರಿಯಟ್ಸ್ ಡೇಯನ್ನೂ ನೋಡಿ, ಅಮೆರಿಕದ ಸ್ವಾತಂತ್ರ್ಯ ಯುದ್ಧದ, 1775ರ ಲೆಕ್ಸಿಂಗ್ಟನ್-ಕಾಂಕರ್ಡ್ ಕದನದ ನೆನಪಿನ ರಜೆ ಅದು. 2022ರಲ್ಲಿ ಅವರಿಗೆ ಗಡುವು 19ರವರೆಗೆ ಇತ್ತು. 2026ರಲ್ಲಿ ಏಪ್ರಿಲ್ 15 ಬುಧವಾರ, ಈ ರಜೆಗಳ ಕಾರಣಕ್ಕೆ ಯಾರಿಗೂ ಒಂದು ದಿನವೂ ಹೆಚ್ಚು ಸಿಗುವುದಿಲ್ಲ.