ಅಪ್‌ಡೇಟ್: ನದಿ ಒಪ್ಪಂದಗಳ ಸಂಶೋಧನೆಗೆ ಮಾರ್ಗದರ್ಶಕರು

ಕೋಲಾರದಲ್ಲಿ ಎಂ.ಎ. ಮುಗಿಸಿ, ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದಲ್ಲಿ ನದಿ ಒಪ್ಪಂದಗಳ ಕುರಿತು ಪಿಎಚ್‌.ಡಿ. ಮಾಡಲು ಯಾವ ಪ್ರಾಧ್ಯಾಪಕರನ್ನು ಸಂಪರ್ಕಿಸಬೇಕೆಂದು ಕೇಳಿದ್ದೆ. 'ಪ್ರಾಧ್ಯಾಪಕರು ಕೊಟ್ಟುಕೊಂಡ ಸಂಶೋಧನಾ ಆಸಕ್ತಿಯ ಪಟ್ಟಿ ನಂಬಬೇಡಿ, ಅವರು ಕಲಿಸುವ ಪತ್ರಿಕೆ ನೋಡಿ' ಎಂದವರಿಗೆ ದೊಡ್ಡ ನಮಸ್ಕಾರ.

ಪಟ್ಟಿಯಲ್ಲಿ ಎಲ್ಲರದೂ ಒಂದೇ ರಾಗ: ವಿದೇಶಾಂಗ ನೀತಿ, ಭದ್ರತೆ, ದಕ್ಷಿಣ ಏಷ್ಯಾ. ಪಠ್ಯಕ್ರಮ ತೆರೆದರೆ, 'ಭದ್ರತೆ' ಎಂದವರು ಕಲಿಸುವುದು ಪೂರ್ತಿ ಅಣ್ವಸ್ತ್ರ ನಿಯಂತ್ರಣ. 'ದಕ್ಷಿಣ ಏಷ್ಯಾ' ಎಂದಷ್ಟೇ ಬರೆದಿದ್ದ ದೆಹಲಿಯ ಪ್ರಾಧ್ಯಾಪಕಿಯೊಬ್ಬರ ಐಚ್ಛಿಕ ಪತ್ರಿಕೆಯಲ್ಲಿ ಮಾತ್ರ ಭಾರತ–ಪಾಕಿಸ್ತಾನಗಳ 1960ರ ಸಿಂಧೂ ಜಲ ಒಪ್ಪಂದ, ಭಾರತ–ಬಾಂಗ್ಲಾದೇಶಗಳ 1996ರ ಗಂಗಾ ಒಪ್ಪಂದ ಎರಡೂ ಇದ್ದವು.

ಅವರಿಗೆ ಬರೆದೆ. ನಮ್ಮ ಜಿಲ್ಲೆಯ ಪಾಲಾರ್ ನದಿಯನ್ನೂ 1892ರ ಮೈಸೂರು–ಮದ್ರಾಸ್ ನದಿ ನೀರಿನ ಒಪ್ಪಂದವನ್ನೂ ಪ್ರಸ್ತಾವದಲ್ಲಿ ಸೇರಿಸಿದ್ದೆ. ಉತ್ತರ ಚುಟುಕಾಗಿತ್ತು: ಪಾಲಾರ್ ಈಗ ಅಂತರರಾಜ್ಯ ವಿಷಯ, ದೇಶಗಳ ನಡುವಿನದಲ್ಲ; ನಮ್ಮ ವಿಭಾಗಕ್ಕೆ ಹೋಲಿಕೆಯಾಗಿ ಮಾತ್ರ ಒಗ್ಗುತ್ತದೆ. ನ್ಯಾಯವಾದ ಮಾತೇ. (ಬತ್ತಿದ ಹೊಳೆಗೆ ಇಷ್ಟು ಕಾನೂನು ಏಕೆಂಬುದು ನಮ್ಮಪ್ಪನವರ ಪ್ರಶ್ನೆ, ಅದು ಬೇರೆ.)

ಗಂಗಾ ಒಪ್ಪಂದದ ಮೂವತ್ತು ವರ್ಷಗಳ ಅವಧಿ 2026ಕ್ಕೆ ಮುಗಿಯುವುದರಿಂದ ಅದನ್ನೇ ಮುಖ್ಯವಾಗಿಸಿ, ಪಾಲಾರ್‌ಗೆ ಒಂದು ಅಧ್ಯಾಯ ಬಿಟ್ಟು ಪ್ರಸ್ತಾವ ತಿದ್ದುತ್ತಿದ್ದೇನೆ. ಯುಜಿಸಿ ನೆಟ್ ಅರ್ಹತಾ ಪರೀಕ್ಷೆಯ ಫಲಿತಾಂಶ ಬಂದೊಡನೆ ಅರ್ಜಿ ಹಾಕುತ್ತೇನೆ.