ಮೊಬೈಲಲ್ಲಿ ತೆಗೆದರೆ ಅದು ಫೋಟೋ ಅಲ್ವಾ? ಅಡಿಕೆ ಚಪ್ಪರದಿಂದ ಒಂದು ಪ್ರಶ್ನೆ

ಅಂಗಳದಕ್ಕ

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ತೋಟದ ಮನೆ ನಮ್ಮದು. ಅಡುಗೆ, ಕೊಟ್ಟಿಗೆ, ಕೊಯ್ಲು ಬಂದರೆ ಅಡಿಕೆ ಕೆಲಸ, ಇದರ ಮಧ್ಯೆ ನನಗಿರುವ ಒಂದೇ ಹುಚ್ಚು ಮೊಬೈಲಲ್ಲಿ ಫೋಟೋ ತೆಗೆಯುವುದು. ಹೂವು, ಮಂಜು, ಸೂರ್ಯಾಸ್ತ ಎಲ್ಲ ತೆಗೆದು ತೆಗೆದು ಬೇಜಾರಾಗಿದೆ. ಈಗ ತೆಗೆಯಬೇಕು ಅನ್ನಿಸುವುದು ರಾತ್ರಿ ಹೊತ್ತು ಚಪ್ಪರದಲ್ಲಿ ಅಡಿಕೆ ಸುಲಿಯುವವರನ್ನು. ಮೆಟ್ಟುಗತ್ತಿ (ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಹಾಕಿಕೊಂಡು ಸಾಲಾಗಿ ಕೂತಿರುತ್ತಾರೆ. ಬಾಯಲ್ಲಿ ಎಲೆ ಅಡಿಕೆ ಕವಳ, ಊರಿನ ಸುದ್ದಿಯೆಲ್ಲ ಅಲ್ಲೇ. ಕತ್ತಿಯ ಕಡೆ ಒಬ್ಬರೂ ನೋಡುವುದಿಲ್ಲ, ಆದರೂ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ ಪಟಪಟ ಬೀಳುತ್ತಲೇ ಇರುತ್ತದೆ. ಅಡಿಕೆಯ ಚೊಗರು (ಕಲೆ ಹಿಡಿಸುವ ರಸ) ಹಿಡಿದು ಬೆರಳೆಲ್ಲ ಕಪ್ಪು. ಆ ಕೈಗಳು ನನಗೆ ಬೇಕು.

ತೊಂದರೆ ಏನಪ್ಪಾ ಅಂದರೆ ಇರುವುದು ಒಂದೇ ಎಲ್‌ಇಡಿ ಬಲ್ಬ್. ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ, ಇಲ್ಲ ಕೈ ಕಲಸಿಹೋಗುತ್ತದೆ. ಕೆಲವು ಸಲ ಫೋಟೋ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ. ಅದಕ್ಕಿಂತ ಹೆಚ್ಚಿಗೆ ಸಿಟ್ಟು ಬರುವುದು, ಅಲ್ಲಿ ಬರುವ ಹಿರಿಯಜ್ಜಿಯ ಮುಖದ ಸುಕ್ಕೆಲ್ಲ ಮಾಯವಾಗಿ ಗೊಂಬೆ ಥರ ಬಂದುಬಿಡುತ್ತದೆ.

ನಾದಿನಿ ಮಗ ಬೆಂಗಳೂರಲ್ಲಿ ದೊಡ್ಡ ಕ್ಯಾಮೆರಾ ಇಟ್ಟುಕೊಂಡಿದ್ದಾನೆ. "ಅತ್ತೆ, ಮೊಬೈಲ್ ಫೋಟೋ ಎಲ್ಲ ಸ್ಟೇಟಸ್‌ಗೆ ಅಷ್ಟೇ, ನಿಜವಾಗ್ಲೂ ಆಸಕ್ತಿ ಇದ್ರೆ ಡಿಎಸ್‌ಎಲ್‌ಆರ್ ತಗೊಳ್ಳಿ, ಇಎಂಐಗೆ ಸಿಗುತ್ತೆ" ಅಂದ. ಮನೆಯಲ್ಲಿ ಕೇಳಿದರೆ ಬೇಡ ಅನ್ನುವುದಿಲ್ಲ, ಆದರೆ ನನಗೇ ಧೈರ್ಯ ಇಲ್ಲ. ತಗೊಳ್ಳಬೇಕಾ? ಇದೇ ಫೋನಲ್ಲಿ ಆಗುತ್ತದಾ?

ಕತ್ತಲೆಕೋಣೆ

ಅಕ್ಕ, ತಗೊಳ್ಳಬೇಡಿ. ಸದ್ಯಕ್ಕಂತೂ ಬೇಡ. ನಾನು ಫಿಲ್ಮ್ ರೀಲಿನ ಕಾಲದಿಂದ ಸ್ಟುಡಿಯೋ ಇಟ್ಟವನು, ಕ್ಯಾಮೆರಾ ಮೇಲೆ ನನಗೇನೂ ದ್ವೇಷ ಇಲ್ಲ. ಆದರೆ ಅಳಿಯಂದಿರು ಹೇಳುವ ಕ್ಯಾಮೆರಾ ಜೊತೆ ಬರುವ 18-55 ಲೆನ್ಸ್ ಇದೆಯಲ್ಲ, ಅದರ ಬಾಯಿ ಅಬ್ಬಬ್ಬಾ ಅಂದರೆ ಎಫ್ 3.5, ಸ್ವಲ್ಪ ಝೂಮ್ ಮಾಡಿದರೆ 5.6. ಈ ಅಂಕಿ ಸಣ್ಣದಾದಷ್ಟೂ ಬಾಯಿ ಅಗಲ, ಒಳಗೆ ಬೆಳಕು ಜಾಸ್ತಿ. ಈಗಿನ ಮಾಮೂಲಿ ಫೋನಿನ ಮುಖ್ಯ ಲೆನ್ಸೇ ಎಫ್ 1.8ರ ಆಸುಪಾಸು ಇರುತ್ತದೆ. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು, ಆ ಲಾಭ ಇದ್ದೇ ಇದೆ. ಆದರೆ ಒಂದು ಬಲ್ಬಿನ ಕೆಳಗೆ ನೀವು ಅಂದುಕೊಂಡಷ್ಟು ಪವಾಡ ಆಗುವುದಿಲ್ಲ. ಪವಾಡ ಬೇಕಾದರೆ ಇನ್ನೊಂದು ಲೆನ್ಸ್ ತಗೊಳ್ಳಬೇಕು. ಆಮೇಲೆ ಇನ್ನೊಂದು.

ಈಗ ನಿಮ್ಮ ಚಪ್ಪರಕ್ಕೆ ಬರೋಣ. ಮೊದಲು ಬಲ್ಬ್ ನೋಡಿ. ನೆತ್ತಿ ಮೇಲೆ ನೇತಾಡುತ್ತಿದ್ದರೆ ಹಣೆ, ಮೂಗು ಬೆಳಗುತ್ತದೆ, ಕಣ್ಣು ಗುಳಿಯಲ್ಲಿ ಹೋಗುತ್ತದೆ. ವಯರ್ ಉದ್ದ ಇದ್ದರೆ ಪಕ್ಕದ ಕಂಬಕ್ಕೆ ಕಟ್ಟಿ, ಕೂತವರ ತಲೆಗಿಂತ ಸ್ವಲ್ಪ ಮೇಲೆ ಬರುವ ಹಾಗೆ. ಅವರ ಕೆಲಸಕ್ಕೂ ಬೆಳಕು ಬೇಕು, ಕೇಳಿಕೊಂಡೇ ಮಾಡಿ, ಕತ್ತಿ ಮುಂದೆ ಕೂತವರ ಬೆಳಕು ತಪ್ಪಿಸಬಾರದು. ಎದುರುಗಡೆ ಒಂದು ಬಿಳಿ ಪಂಚೆ ಹಗ್ಗಕ್ಕೆ ಹಾಕಿದರೆ ಕತ್ತಲಾದ ಕೆನ್ನೆಗೂ ಒಂಚೂರು ಬೆಳಕು ತಾಗುತ್ತದೆ.

ಕೈ ಕಲಸಿಹೋಗುವುದಕ್ಕೆ ಕಾರಣ ನೈಟ್ ಮೋಡ್. ಅದು ಒಂದು ಫೋಟೋ ಅಲ್ಲ. ಒಂದೆರಡು ಸೆಕೆಂಡಲ್ಲಿ ಹಲವು ಫೋಟೋ ತೆಗೆದು ಒಂದರ ಮೇಲೊಂದು ಕೂರಿಸುತ್ತದೆ. ಕಂಬ, ಗೋಡೆ ಚೆನ್ನಾಗಿ ಬರುತ್ತವೆ, ಅಲ್ಲಾಡುವ ಕೈ ಎಲ್ಲಿ ಕೂರಬೇಕು? ಅದನ್ನು ಆಫ್ ಮಾಡಿ ಪ್ರೋ ಮೋಡ್‌ಗೆ ಹೋಗಿ, ಅಲ್ಲಿ ಎಲ್ಲವನ್ನೂ ನಾವೇ ಹೊಂದಿಸಬಹುದು. ಶಟರ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, ಸೆಕೆಂಡಿನ 1/100 ಇಡಿ, ತೀರಾ ಕತ್ತಲಾದರೆ 1/50. ಈ ಎರಡೇ ಯಾಕೆ ಅಂದರೆ ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ ಅದಕ್ಕೆ ಹೊಂದಿಕೆಯಾಗಿದ್ದರೆ ಆ ಕಪ್ಪು ಪಟ್ಟಿ ಬರುವುದಿಲ್ಲ. ಐಎಸ್‌ಒ (ಬಿದ್ದ ಬೆಳಕನ್ನು ಫೋನು ಎಷ್ಟು ಏರಿಸಬೇಕು ಅನ್ನುವ ಅಂಕಿ) 800, 1600 ಆದರೂ ಪರವಾಗಿಲ್ಲ, ಕಾಳುಕಾಳಾಗಿ ಬರಲಿ ಬಿಡಿ. ಬಿಳಿ ಬಲ್ಬ್ ಆಗಿದ್ದರೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ 6500ರ ಹತ್ತಿರ ಇಡಿ, ಆಟೋದಲ್ಲಿಟ್ಟರೆ ಒಂದೊಂದು ಫೋಟೋಗೆ ಒಂದೊಂದು ಬಣ್ಣ.

ಪ್ರೋ ಮೋಡ್ ಇಲ್ಲದಿದ್ದರೆ ಓಪನ್ ಕ್ಯಾಮೆರಾ ಅಂತ ಆಪ್ ಇದೆ, ಪುಕ್ಕಟೆ. ಕೆಲವು ಫೋನಲ್ಲಿ ಮಾತ್ರ ಅದಕ್ಕೂ ಶಟರ್ ಕೈಗೆ ಸಿಗುವುದಿಲ್ಲ. ಆಗ ಮಾಮೂಲಿ ಕ್ಯಾಮೆರಾದಲ್ಲೇ ಬೆಳಕು ಜಾಸ್ತಿ ಬಿದ್ದ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ, ಫೋಕಸ್ ಲಾಕ್ ಆದಮೇಲೆ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಸುತ್ತಲಿನ ಕತ್ತಲೆ ನೋಡಿ ಫೋನು ಬೆಳಕು ಏರಿಸುತ್ತದೆ, ಅದಕ್ಕೇ ಮುಖ ಬೆಳ್ಳಗಾಗುವುದು. ಚಪ್ಪರ ಕತ್ತಲಾಗಿಯೇ ಇರಲಿ, ರಾತ್ರಿ ಅಲ್ವಾ.

ಲೆನ್ಸ್ ಒರೆಸಿಕೊಳ್ಳಿ. ಅಡುಗೆಮನೆಯಲ್ಲಿ ಓಡಾಡುವ ಫೋನು, ಎಣ್ಣೆ ಕೈ ತಾಗಿರುತ್ತದೆ.

ಗುಡವಿ ಹಕ್ಕಿ

ಎಲ್ಲರೂ ಫೋನನ್ನು ಹೊಗಳುವ ಮೊದಲು ಒಂದು ಮಾತು. ಫೋನಲ್ಲಿ ಏನು ಬೇಕಾದರೂ ಆಗುತ್ತದೆ ಅನ್ನುವವರಿಗೆ ನಾನು ಹೇಳುವುದು, ಗುಡವಿ ಪಕ್ಷಿಧಾಮದ ಕೆರೆಗೆ ಬನ್ನಿ, ನಡುನೀರಿನ ಮರದಲ್ಲಿ ಕೂತ ಬೆಳ್ಳಕ್ಕಿಯನ್ನು ಫೋನಲ್ಲಿ ತೆಗೆದು ತೋರಿಸಿ. ಹತ್ತಿಪ್ಪತ್ತು ಪಟ್ಟು ಝೂಮ್ ಅಂತ ಬಾಕ್ಸ್ ಮೇಲೆ ಬರೆದಿರುತ್ತಾರೆ, ಅದರಲ್ಲಿ ಬಹುಪಾಲು ಬರೀ ಕತ್ತರಿಸಿ ದೊಡ್ಡದು ಮಾಡಿದ್ದು. ಹಕ್ಕಿ, ಆಟ, ವೇದಿಕೆ ಮೇಲಿನ ಯಕ್ಷಗಾನ ಇವಕ್ಕೆ ದೂರದ ಲೆನ್ಸ್ ಬೇಕೇ ಬೇಕು. 108 ಮೆಗಾಪಿಕ್ಸೆಲ್ ಅನ್ನುವುದೂ ಅಷ್ಟೇ, ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕೆ, ಒಂಬತ್ತು ಚುಕ್ಕೆ ಸೇರಿಸಿ ಒಂದು ಮಾಡಿ ಕೊನೆಗೆ ಕೊಡುವುದು 12.

ಆದರೆ ಅಂಗಳದಕ್ಕನ ವಿಷಯ ಬೇರೆ. ನಿಮಗೆ ಬೇಕಾದದ್ದು ಮೂರು ಅಡಿ ದೂರದಲ್ಲಿದೆ. ಅಲ್ಲಿ ಫೋನೇ ಗೆಲ್ಲುತ್ತದೆ. ನಾನು ನನ್ನ ಉದ್ದ ಲೆನ್ಸ್ ಹಿಡಿದು ನಿಮ್ಮ ಚಪ್ಪರಕ್ಕೆ ಬಂದರೆ ಮಾತು ನಿಂತುಹೋಗುತ್ತದೆ, ಎಲ್ಲರೂ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ಇನ್ನೊಂದು ವಿಷಯ ನಿಮ್ಮ ಅಳಿಯ ಹೇಳಿರಲಿಕ್ಕಿಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಲೆನ್ಸ್ ಒಳಗೆ ಫಂಗಸ್ ಬರುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಅಂತ ಅದಕ್ಕೊಂದು ಬಾಣಂತನ ಮಾಡಬೇಕು.

ಅಜ್ಜಿ ಗೊಂಬೆ ಆಗುವುದಕ್ಕೆ ಮದ್ದು: ಸೆಟ್ಟಿಂಗ್‌ನಲ್ಲಿ ಬ್ಯೂಟಿ ಅಂತಲೋ ಫೇಸ್ ಸ್ಮೂತ್ ಅಂತಲೋ ಇರುತ್ತದೆ, ಸೊನ್ನೆಗೆ ತನ್ನಿ. ಪೋರ್ಟ್ರೇಟ್ ಮೋಡಿನಲ್ಲಿ ಅದು ಬೇರೆಯಾಗಿ ಆನ್ ಆಗಿರುತ್ತದೆ, ಅಲ್ಲೂ ನೋಡಿ. ಅದೂ ಸಾಲದಿದ್ದರೆ ರಾ ಫೈಲ್ (ಫೋನು ತಿದ್ದದೆ ಇದ್ದ ಹಾಗೇ ಉಳಿಸುವ ಫೋಟೋ) ತೆಗೆದು ಸ್ನ್ಯಾಪ್‌ಸೀಡ್ ಅನ್ನುವ ಆಪ್‌ನಲ್ಲಿ ತೆರೆಯಿರಿ. ಕಾಳು ಕಾಣುತ್ತದೆ, ಆದರೆ ಸುಕ್ಕು ಇರುತ್ತದೆ.

ಹಳೇಶಾಲೆ ಮೇಷ್ಟ್ರು

"ಮೊಬೈಲಲ್ಲಿ ತೆಗೆದರೆ ಫೋಟೋ ಅಲ್ವಾ" ಅಂತ ಕೇಳಿದ್ದೀರಿ. ಹಂಪಿಯ ವಿರೂಪಾಕ್ಷ ಗುಡಿಗೆ ಹೋಗಿದ್ದರೆ ನೆನಪಿರಬಹುದು. ಹಿಂದುಗಡೆ ಒಂದು ಕತ್ತಲೆ ಕೋಣೆಯ ಗೋಡೆ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಲೆನ್ಸ್ ಇಲ್ಲ, ಕಂಪನಿ ಇಲ್ಲ, ಗೋಡೆಯಲ್ಲಿ ಒಂದು ಸಣ್ಣ ಕಿಂಡಿ ಅಷ್ಟೇ. ಎಲ್ಲ ಕ್ಯಾಮೆರಾದ ಒಳಗೂ ನಡೆಯುವುದು ಅದೇ. ನಿಮ್ಮ ಫೋನಿಗೆ ಕಿಂಡಿಯ ಜೊತೆ ಗಾಜೂ ಇದೆ, ಆರಾಮಾಗಿರಿ.

ನನಗೆ ಹೇಳಬೇಕಾದದ್ದು ಬೇರೆ. ಹೂವು, ಸೂರ್ಯಾಸ್ತ ಬೇಜಾರಾಗಿ ಈಗ ಕೈಗಳು ಬೇಕು ಅಂದಿರಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹಿಡಿಸಿದ್ದು ಅದೊಂದೇ ಸಾಲು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೋಗಳನ್ನು ಹುಡುಕಿ ನೋಡಿ. 1977ರಲ್ಲಿ ಪದ್ಮಶ್ರೀ ಬಂದವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷಕ್ಕೆ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಅವರ ಮಕ್ಕಳ ಫೋಟೋಗಳ ಪ್ರದರ್ಶನ ಆಗಿತ್ತು. ಅವರು ತೆಗೆದದ್ದರಲ್ಲಿ ಬಹಳಷ್ಟು ಮಾಮೂಲಿ ಜನ, ಮಾಮೂಲಿ ಬದುಕು. ಯಾರೂ ಪೋಸ್ ಕೊಟ್ಟ ಹಾಗೆ ಅನ್ನಿಸುವುದಿಲ್ಲ.

ಹಾಗಾಗಿ ಒಂದು ಫೋಟೋ ಚೆನ್ನಾಗಿ ಬಂತಾ ಅಂತ ನೋಡಬೇಡಿ. ಕೊಯ್ಲು ಮುಗಿಯುವ ತನಕ ಅದನ್ನೇ ತೆಗೆಯಿರಿ. ಮರದಿಂದ ಅಡಿಕೆ ಗೊನೆ ಇಳಿಸುವುದು, ಸುಲಿಯುವುದು, ಹಂಡೆಯಲ್ಲಿ ಬೇಯುವುದು, ಅಟ್ಟದ ಮೇಲೆ ಒಣಗುವುದು, ಸುಲಿದ ಅಡಿಕೆ ಎಷ್ಟು ಡಬ್ಬ ಅಂತ ಲೆಕ್ಕ ಹಾಕಿ ಕೂಲಿ ಕೊಡುವುದು. ಆ ಕೂಲಿ ಕೊಡುವ ಫೋಟೋ ಬಿಡಬೇಡಿ. ನೀವು ಆ ಮನೆಯ ಯಜಮಾನಿ, ಅವರು ಕೆಲಸಕ್ಕೆ ಬಂದವರು. ನಿಮ್ಮ ಫೋಟೋದಲ್ಲಿ ಅದೂ ಕಾಣಬೇಕು. ಬರೀ ಚಂದದ ಕೈ ತೋರಿಸಿ ಆ ಕೈಗೆ ಎಷ್ಟು ಸಿಗುತ್ತದೆ ಅನ್ನುವುದನ್ನು ಬಿಟ್ಟರೆ ಅದು ಕ್ಯಾಲೆಂಡರ್ ಚಿತ್ರ. ಖಾರ ಆಯಿತು ಅನ್ನಿಸಿದರೆ ಕ್ಷಮಿಸಿ. ಕೂತವರನ್ನು ಒಂದು ಮಾತು ಕೇಳಿ ತೆಗೆಯಿರಿ, ಎಲ್ಲಿಗಾದರೂ ಹಾಕುವ ಮುಂಚೆ ಇನ್ನೊಂದು ಸಲ ಕೇಳಿ.

ಮಸುಕುಮಸುಕು

ನಾನು ಇಲ್ಲಿ ಬರೆಯುವುದು ಕಡಿಮೆ. ನನಗೆ ದೃಷ್ಟಿ ಬಹಳ ಮಂದ. ನೀವೆಲ್ಲ ನೋಡಿ ಫೋಟೋ ತೆಗೆಯುತ್ತೀರಿ, ನಾನು ನೋಡುವುದಕ್ಕೋಸ್ಕರ ಫೋಟೋ ತೆಗೆಯುವವನು. ಬಸ್ಸಿನ ಬೋರ್ಡು, ಮರದ ತುದಿ, ಎದುರು ಕೂತವರು ನಗುತ್ತಿದ್ದಾರಾ ಇಲ್ಲವಾ, ಎಲ್ಲ ತೆಗೆದು ಆಮೇಲೆ ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತೇನೆ. ಹಾಗೆ ನೋಡುತ್ತಾ ನೋಡುತ್ತಾ ಕೆಲವು ಅಳಿಸಲು ಮನಸ್ಸಾಗಲಿಲ್ಲ. ಈಗ ಅವು ಒಂದು ಫೋಲ್ಡರ್ ತುಂಬ ಇವೆ. ಐಫೋನಲ್ಲಿ ಪರದೆ ಓದಿ ಹೇಳುವ ವಾಯ್ಸ್‌ಓವರ್ ಆನ್ ಇದ್ದರೆ ಚೌಕಟ್ಟಿನಲ್ಲಿ ಎಷ್ಟು ಮುಖ ಇದೆ, ಯಾವ ಕಡೆ ಇದೆ ಅಂತ ಅದೇ ಹೇಳುತ್ತದೆ. 2022ರಲ್ಲಿ ಬಂದ ಪಿಕ್ಸೆಲ್ 7ರಿಂದ ಗೂಗಲ್ ಫೋನಲ್ಲೂ ಇಂಥದ್ದೊಂದಿದೆ. ದೊಡ್ಡ ಕ್ಯಾಮೆರಾದ ಸಣ್ಣ ಕಿಂಡಿಗೆ ಕಣ್ಣಿಟ್ಟು ನೋಡುವುದು ನನ್ನಿಂದ ಆಗುವ ಮಾತೇ ಅಲ್ಲ. ಹಾಗಾಗಿ ಫೋನ್ ಫೋಟೋ ಫೋಟೋನೇ ಅಲ್ಲ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ, ಟೈಮಿಲ್ಲ.

ಅಂಗಳದಕ್ಕ

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ಖಾರ ಏನಿಲ್ಲ. ಸ್ವಲ್ಪ ಚುರುಕ್ ಅಂತು, ಅಷ್ಟೇ. ಕೂಲಿ ಕೊಡುವಾಗ ಫೋಟೋ ತೆಗೆಯುವುದು ನನ್ನ ತಲೆಗೆ ಬಂದೇ ಇರಲಿಲ್ಲ. ಕೊಡುವುದು ನಮ್ಮನೆಯವರು, ಅವರಿಗೆ ಏನನ್ನಿಸುತ್ತದೋ ಕೇಳಬೇಕು.

ನಿನ್ನೆ ರಾತ್ರಿ ಕತ್ತಲೆಕೋಣೆ ಸರ್ ಹೇಳಿದ ಹಾಗೆ ಬಲ್ಬ್ ಕಂಬಕ್ಕೆ ಕಟ್ಟಿದೆ. 1/100ಕ್ಕೆ ಇಟ್ಟರೆ ತೀರಾ ಕತ್ತಲು, 1/50ರಲ್ಲಿ ಬಂತು. ಪಟ್ಟಿ ಇಲ್ಲ! ಬೆರಳ ತುದಿ ಒಂಚೂರು ಅಲ್ಲಾಡಿದೆ, ಕತ್ತಿ ಮಾತ್ರ ಚೂಪಾಗಿ ನಿಂತಿದೆ, ಅದೇ ಚೆನ್ನಾಗಿ ಕಾಣುತ್ತಿದೆ. ಉಗುರಿನ ಸಂದಿಯಲ್ಲಿ ಸೇರಿದ ಚೊಗರಿನ ಗೆರೆ ಕೂಡ ಕಾಣುತ್ತದೆ. ಸುಕ್ಕೂ ವಾಪಸ್ ಬಂತು, ಬ್ಯೂಟಿ 60ರಲ್ಲಿತ್ತು, ನಾನು ಮುಟ್ಟಿಯೇ ಇರಲಿಲ್ಲ. ಅಜ್ಜಿಗೆ ತೋರಿಸಿದೆ. "ಬರೀ ಕೈ ಯಾಕೆ ತೆಗ್ದೆ ಮಾರಾಯ್ತಿ, ನನ್ ಮುಖ ಎಲ್ಲಿ?" ಅಂದರು. ಉಳಿದವರೆಲ್ಲ ನಕ್ಕರು.

ಅಜ್ಜಿಯ ಮಗಳಿಗೆ ವಾಟ್ಸಾಪಲ್ಲಿ ಕಳಿಸಿದರೆ ಮಂಕಾಗಿ ಹೋಯಿತು, ಯಾಕೆ? ಮತ್ತೆ ಇದನ್ನು ಪ್ರಿಂಟ್ ಹಾಕಿಸಬಹುದಾ?

ಗುಡವಿ ಹಕ್ಕಿ

ವಾಟ್ಸಾಪ್ ಫೋಟೋವನ್ನು ಹಿಂಡಿ ಸಣ್ಣದು ಮಾಡಿ ಕಳಿಸುತ್ತದೆ. ಫೈಲ್ ಸೇರಿಸುವ ಪಿನ್ ಗುರುತು ಒತ್ತಿ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, ಇದ್ದ ಹಾಗೇ ಹೋಗುತ್ತದೆ. ಕಾಪಿ ಒಂದು ಬೇರೆ ಕಡೆಯೂ ಇಟ್ಟುಕೊಳ್ಳಿ, ಫೋನು ಹಂಡೆಗೆ ಬಿದ್ದರೆ ಕೊಯ್ಲೆಲ್ಲ ಹೋಯಿತು.

ಕತ್ತಲೆಕೋಣೆ

ಪ್ರಿಂಟ್ ಧಾರಾಳವಾಗಿ ಹಾಕಿಸಿ. 12 ಮೆಗಾಪಿಕ್ಸೆಲ್ ಅಂದರೆ 4000ಕ್ಕೆ 3000 ಚುಕ್ಕೆ, ಇಂಚಿಗೆ 300 ಅಂತ ಹಿಡಿದರೂ 13ಕ್ಕೆ 10 ಇಂಚು ಆರಾಮಾಗಿ ಬರುತ್ತದೆ. ಸ್ಟುಡಿಯೋದವರಿಗೆ ವಾಟ್ಸಾಪಲ್ಲಿ ಕಳಿಸಬೇಡಿ, ಪೆನ್‌ಡ್ರೈವಲ್ಲಿ ಕೊಡಿ. ಕರೆಕ್ಷನ್ ಮಾಡಬೇಡಿ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಕತ್ತಲೆ ಇರುವ ಫೋಟೋ ಕಂಡ ಕೂಡಲೇ ಬೆಳ್ಳಗೆ ಮಾಡಿ ಕೊಡುತ್ತಾರೆ. ನಾವೂ ಹಾಗೇ ಮಾಡುತ್ತಿದ್ದೆವು, ಗಿರಾಕಿಗೆ ಬೆಳ್ಳಗೇ ಬೇಕಿತ್ತು. ಮ್ಯಾಟ್ ಪೇಪರ್ ಕೇಳಿ, ಗ್ಲಾಸಿ ಬೇಡ. ಫ್ರೇಮ್ ಹಾಕಿಸಿದರೆ ಫೋಟೋಗೂ ಗಾಜಿಗೂ ನಡುವೆ ರಟ್ಟಿನ ಅಂಚು ಇರಲಿ. ಮಳೆಗಾಲದ ತೇವಕ್ಕೆ ಫೋಟೋ ಗಾಜಿಗೆ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಅಜ್ಜಿಗೆ ಮುಖ ಇರುವುದು ಒಂದು ಹಾಕಿಸಿ ಕೊಡಿ, ಅದಕ್ಕೆ ಫ್ರೇಮ್ ಖಂಡಿತ.