ಸಹಾಯ ಬೇಕು: ಕ್ಯಾರವಾನ್‌ಗೆ ಯಾವ ಡಿಶ್ ಸರಿ?

ಎಲ್ಲರಿಗೂ ನಮಸ್ಕಾರ. ನಮ್ಮ ಕ್ಯಾರವಾನ್‌ಗೆ ಸ್ಯಾಟಲೈಟ್ ಟಿವಿ ಹಾಕಿಸಬೇಕು. ಜೊತೆಗೆ ಬರುವ ಅಮ್ಮನಿಗೆ ಸಂಜೆ ಟಿವಿ ಬೇಕೇ ಬೇಕು. ಚಾವಣಿ ಮೇಲೆ ಕೂರುವ ಗುಮ್ಮಟದಂಥ ಆಂಟೆನಾ ತಗೊಳ್ಳೋದಾ, ನೆಲದಲ್ಲಿ ಟ್ರೈಪಾಡ್ ಮೇಲೆ ನಿಲ್ಲಿಸುವ ಡಿಶ್ ಸಾಕಾ?

ಗುಮ್ಮಟದ್ದು ಉಪಗ್ರಹವನ್ನು ತಾನೇ ಹುಡುಕಿಕೊಳ್ಳುತ್ತದೆ. ನಾನಿಲ್ಲದಿದ್ದರೂ ಅಮ್ಮ ಗುಂಡಿ ಒತ್ತಿ ನೋಡಬಹುದು. ಆದರೆ ನಾವು ಗಾಡಿ ನಿಲ್ಲಿಸುವುದೇ ಮರದ ನೆರಳು ಹುಡುಕಿಕೊಂಡು. ಎಲೆ, ಕೊಂಬೆ ಅಡ್ಡ ಬಂದರೆ ಸಿಗ್ನಲ್ ಹೋಗುತ್ತದೆ ಅಲ್ವಾ? ಉಪಗ್ರಹ ಇರುವುದು ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಆ ದಿಕ್ಕಿಗೆ ಆಕಾಶ ತೆರೆದಿರಲೇಬೇಕು. ಟ್ರೈಪಾಡ್ ಆದರೆ ಗಾಡಿ ನೆರಳಲ್ಲಿ, ಡಿಶ್ ಬಯಲಲ್ಲಿ. ನನಗೆ ಇದೇ ದೊಡ್ಡ ಅನುಕೂಲ ಅನಿಸುತ್ತದೆ. ಡಿಶ್ ದೊಡ್ಡದಾದಷ್ಟೂ ಮಳೆಯಲ್ಲೂ ಚಿತ್ರ ಕಡಿದುಹೋಗದೆ ಬರುವ ಸಾಧ್ಯತೆಯೂ ಜಾಸ್ತಿ. ಗುಮ್ಮಟದೊಳಗಿನ ಡಿಶ್ ಸಾಮಾನ್ಯವಾಗಿ ಚಿಕ್ಕದು.

ಕಷ್ಟ ಇರುವುದು ಹೊಂದಿಸುವುದರಲ್ಲಿ. ದಿಕ್ಕು, ಮೇಲೆತ್ತುವ ಕೋನ, ಎಲ್‌ಎನ್‌ಬಿಯ (ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಪುಟ್ಟ ಭಾಗ) ಓರೆ, ಮೂರನ್ನೂ ಹೊಸ ಜಾಗಕ್ಕೆ ಹೋದಾಗಲೆಲ್ಲ ಸರಿ ಮಾಡಬೇಕು. ಟ್ರೈಪಾಡ್ ಇಟ್ಟುಕೊಂಡಿರುವವರೇ, ನಿಮಗೆ ಇದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಫೋನ್‌ನಲ್ಲಿರುವ ಆ್ಯಪ್ ಸಾಕಾ, ಸಿಗ್ನಲ್ ಮೀಟರ್ ಬೇಕೇ ಬೇಕಾ? ಜೋರು ಗಾಳಿಗೆ ಬೀಳದ ಹಾಗೆ ಹೇಗೆ ಕಟ್ಟುತ್ತೀರಿ?

ಗಾಡಿ ಓಡುವಾಗ ನಮಗೆ ಟಿವಿ ಬೇಡ. ಹಾಗಾಗಿ ಚಲಿಸುವಾಗಲೂ ಹಿಡಿಯುವ ಮಾದರಿಗೆ ಸುಮ್ನೆ ಹಣ ಹಾಕುವುದಿಲ್ಲ.

ಗುಮ್ಮಟ ಹಾಕಿಸಿಕೊಂಡವರೂ ದಯವಿಟ್ಟು ಹೇಳಿ. ಚಾವಣಿಗೆ ತೂತು ಕೊರೆದ ಕಡೆ ನೀರು ಸೋರಿತಾ? ಮನೆಯ ಸೆಟ್‌ಟಾಪ್ ಬಾಕ್ಸ್ ಅದಕ್ಕೆ ಹೊಂದಿಕೊಂಡಿತಾ, ಬೇರೆ ತಗೊಂಡಿರಾ? 12 ವೋಲ್ಟ್ ಬ್ಯಾಟರಿಯಲ್ಲೇ ಎಲ್ಲ ನಡೆಯುತ್ತಾ?